ಬೆಳ್ಳಟ್ಟಿಯ ಮಾಳಿಗೆ ಮೇಲೆ ಆರದೆ ಉಳಿದ ನೀರಿನ ಬಾಬತ್ತು

ಓದುವವರ ಗಮನಕ್ಕೆ: ಈ ಅರ್ಜಿಯನ್ನು ನಿಂತುಕೊಂಡು ಓದಬೇಡಿ. ಕುರ್ಚಿ ಎಳೆದುಕೊಂಡು, ಹಿಡಿಕೆ ಗಟ್ಟಿಯಾಗಿ ಹಿಡಿದು ಓದಿ. ಇದನ್ನು ಬರೆದವನು ಸಾಮಾನ್ಯ ಆಸಾಮಿಯಲ್ಲ. ಬೆಳ್ಳಟ್ಟಿಯಿಂದ ಶಿರಹಟ್ಟಿಯವರೆಗೆ ಯಾವ ಬಸ್ಸಿನ ಕಂಡಕ್ಟರನ್ನು ಕೇಳಿದರೂ ನನ್ನ ಹೆಸರು ಹೇಳುತ್ತಾರೆ. ಕೆಲವರು ಹೆಸರಿನ ಜೊತೆಗೆ ಇನ್ನೂ ಒಂದೆರಡು ಮಾತು ಸೇರಿಸುತ್ತಾರೆ, ಅದನ್ನು ಇಲ್ಲಿ ಬರೆಯುವಂತಿಲ್ಲ. ಸೂರ್ಯನಿಗೇ ಬೆವರಿಳಿಸಿದ ಏಕೈಕ ಒಂಬತ್ತನೇ ತರಗತಿ ವಿದ್ಯಾರ್ಥಿ ನಾನು. ನೀರಿಗೆ ‘ಕುಂಡ್ರು’ ಅಂದೆ, ಕೂತಿತು. ‘ಏಳು’ ಅಂದೆ, ಎದ್ದಿತು. ನಂಬಿಕೆ ಬರದಿದ್ದರೆ ಮುಂದೆ ಓದಿ. ನಂಬಿಕೆ ಬಂದರೂ ಓದಿ, ಯಾಕೆಂದರೆ ಕೊನೆಗೆ ತಮ್ಮ ಸಹಿ ಬೇಕು.

ಇಂದ:
ಮೌನೇಶ ಬಡಿಗೇರ,
ಒಂಬತ್ತನೇ ತರಗತಿ, ಕೊನೆಯ ಬೆಂಚು, ಕಿಟಕಿಯ ಕಡೆ,
ಬೆಳ್ಳಟ್ಟಿ, ತಾಲ್ಲೂಕು ಶಿರಹಟ್ಟಿ, ಜಿಲ್ಲೆ ಗದಗ.

ಗೆ:
ಮಾನ್ಯ ಕೊಟ್ರಪ್ಪ ಸರ್ ಅವರು,
ಮುಖ್ಯೋಪಾಧ್ಯಾಯರು
(ವಾರವೆಲ್ಲ ತರಬೇತಿಗೆ ಹೋಗಿದ್ದು ಇವತ್ತು ಶನಿವಾರ ಹಿಂದಿರುಗಿರುವ ಕಾರಣ ನಡೆದದ್ದೇನೂ ಗೊತ್ತಿಲ್ಲದವರು).

ವಿಷಯ: ಸೋಮವಾರ ಗದಗಿನಲ್ಲಿ ನಡೆಯುವ ಜೋಡಿ ಶಾಲೆಗಳ ವಿಜ್ಞಾನ ಮಂಡನೆಗೆ ನಮ್ಮ ಶಾಲೆಯಿಂದ ಹೋಗುವವರ ಪಟ್ಟಿಯಲ್ಲಿ ‘ಮೌನೇಶ’ ಎಂಬ ಹೆಸರನ್ನು ಹೊಡೆದುಹಾಕಿ, ‘ಮಂಜುಳಾ’ ಎಂಬ ಹೆಸರನ್ನು ಮೊದಲಿನಂತೆ ಬರೆಯುವ ಕುರಿತು.

ಉಲ್ಲೇಖ:
1. ವಿಜ್ಞಾನದ ಶಿವರಂಜನಿ ಟೀಚರ್ ಅವರ ಶುಕ್ರವಾರದ ಮೌಖಿಕ ಆದೇಶ: “ಮಂಜುಳಾ ಬ್ಯಾಡ. ಮೌನೇಶ ಹೋಗ್ಲಿ.”
2. ಮಲ್ಲಸಮುದ್ರದ ಶಾಲೆಯ ಇಲಿಯಾಸ ಎಂಬ ವಿದ್ಯಾರ್ಥಿ ಟ್ಯಾಬಿನಲ್ಲಿ ಕಳಿಸಿದ ನಗುವ ಮುಖಗಳು, ಬಹಳ.
3. ಅರ್ಜಿದಾರನ ಅಜ್ಜಿ ಫಕ್ಕೀರವ್ವನವರ ಹೇಳಿಕೆ: “ನಾ ಏನ್ ತಪ್ಪ ಮಾಡೀನಿ?”

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ತಮಗೆ ತಿಳಿದಿರುವಂತೆ ನಮ್ಮ ಶಾಲೆಗೂ ಗದಗಿನ ಮಗ್ಗುಲಿನ ಮಲ್ಲಸಮುದ್ರದ ಶಾಲೆಗೂ ಈ ವರ್ಷ ಜೋಡಿ ಕಟ್ಟಲಾಗಿದೆ. ಇಬ್ಬರು ಮಕ್ಕಳಿಗೆ ಒಂದು ಟ್ಯಾಬು. ಎರಡೂ ಊರಿನವರು ಒಂದೇ ಪ್ರಯೋಗ ಮಾಡಬೇಕು. ಅಳತೆಯನ್ನು ಟ್ಯಾಬಿನಲ್ಲಿ, ಎರಡೂ ಶಾಲೆಗೆ ಕಾಣುವಂಥ ಒಂದೇ ಹಾಳೆಯಲ್ಲಿ ತುಂಬಬೇಕು. ತುಂಬಿದ ಕೂಡಲೇ ಟ್ಯಾಬು ತಾನೇ ಗೆರೆ ಎಳೆಯುತ್ತದೆ: ಅವರದು ಕೆಂಪು, ನಮ್ಮದು ನೀಲಿ. ಗೆರೆ ನೋಡಿ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಬೇಕು. ಇದಕ್ಕೆ ಸಹಯೋಗದ ಕಲಿಕೆ ಎಂದು ಹೆಸರು. ಇದಕ್ಕೂ ನಕಲು ಹೊಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಶಿವರಂಜನಿ ಟೀಚರ್ ಅರ್ಜಿದಾರನಿಗೆ ಪ್ರತ್ಯೇಕವಾಗಿ, ವರಾಂಡಕ್ಕೆ ಕರೆದು, ತಿಳಿಸಿರುತ್ತಾರೆ.

2. ಅರ್ಜಿದಾರನ ಟ್ಯಾಬಿನ ಜೋಡಿ ಮಂಜುಳಾ. ಮೊದಲ ಬೆಂಚು. ಸದರಿಯವಳು ಗಂಟೆ ಬಾರಿಸಿದ ಮೇಲೂ “ಟೀಚರ‍್ರ, ಇನ್ನೊಂದ ಡೌಟು” ಎಂದು ಕೈ ಎತ್ತುವ ಕಾರಣ ಇಡೀ ತರಗತಿಯ ಆಟದ ಸಮಯಕ್ಕೆ ನಿರಂತರ ಹಾನಿಯಾಗುತ್ತಿದೆ. ಈ ಬಗ್ಗೆ ಬೇರೆ ಅರ್ಜಿ ಬರೆಯುವ ಉದ್ದೇಶವಿತ್ತು, ಸದ್ಯಕ್ಕೆ ಕೈಬಿಡಲಾಗಿದೆ. ಜೋಡಿಯಲ್ಲಿ ಅಳೆಯುವುದು, ತುಂಬುವುದು ಅವಳ ಕೆಲಸ. ಚಿತ್ರ ತೆಗೆಯುವುದು, ಮಲ್ಲಸಮುದ್ರದವರಿಗೆ ಉತ್ತರ ಕೊಡುವುದು ನನ್ನ ಕೆಲಸ. ಟ್ಯಾಬಿನೊಳಗೆ ಹೋಗಲು ಇಬ್ಬರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡು. ಯಾರು ಏನು ಬರೆದರೂ ಅವರ ಹೆಸರು ಅದರ ಕೆಳಗೆ ಬೀಳುತ್ತದೆ.

ನಾನು ತೆಗೆದ ಚಿತ್ರಗಳಲ್ಲಿ ಪ್ರಯೋಗಕ್ಕಿಂತ ನಾನೇ ಹೆಚ್ಚಿದ್ದೇನೆ ಎಂಬುದು ಮಂಜುಳಾಳ ದೂರು. ಹೀರೋ ಇಲ್ಲದ ಪೋಸ್ಟರಿಗೆ ಯಾರಾದರೂ ತಿರುಗಿ ನೋಡುತ್ತಾರೆಯೇ ಎಂಬುದು ನನ್ನ ಸಮಜಾಯಿಷಿ.

3. ಪ್ರಯೋಗ ಬಹಳ ಸರಳ. ಎರಡೂ ಊರಿನಲ್ಲಿ ಒಂದೇ ಅಳತೆಯ ಸ್ಟೀಲಿನ ಬೋಗುಣಿ, ಅದರಲ್ಲಿ ಒಂದೇ ಎತ್ತರಕ್ಕೆ ನೀರು. ಬಿಸಿಲಿಗೆ ಇಡುವುದು, ದಿನಾ ಶಾಲೆ ಬಿಟ್ಟ ಮೇಲೆ ಸ್ಕೇಲು ಇಳಿಬಿಟ್ಟು ಅಳೆಯುವುದು, ಯಾವ ಊರಿನ ನೀರು ಬೇಗ ಆರುತ್ತದೆ, ಯಾಕೆ ಎಂದು ಕಂಡುಹಿಡಿಯುವುದು. ಶಾಲೆಯ ಚಾವಣಿಯ ಮೇಲೆ ಮಂಗಗಳು ಕಾಯಂ ಹಾಜರಿರುವ ಕಾರಣ ನಮ್ಮ ಮನೆಯ ಮಾಳಿಗೆಯನ್ನು ಆರಿಸಲಾಯಿತು. ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ತುದಿಯಲ್ಲಿ ಹತ್ತಿದವರು ಕೆಳಗಿಳಿಯದೆ ಆ ತುದಿಯ ಮನೆಗೆ ಹೋಗಿ ಚಹಾ ಕುಡಿದು ಬರಬಹುದು. ಈಗ ಮೆಣಸಿನಕಾಯಿ, ಸಂಡಿಗೆ, ಹಪ್ಪಳ ಒಣಗುವ ದಿನಗಳಾದ್ದರಿಂದ ಮೇಲೆ ಓಡಾಟವೂ ಜಾಸ್ತಿ.

ಈ ಕಾರಣ ಮಂಜುಳಾ ಬೋಗುಣಿಗೆ ಒಂದು ಕಾಗದ ಅಂಟಿಸಿದಳು. ದಪ್ಪ ಅಕ್ಷರದಲ್ಲಿ: ‘ಪ್ರಯೋಗ ನಡೆದಿದೆ. ಮುಟ್ಟಬೇಡಿ.’

4. ಸೋಮವಾರ ಇಟ್ಟೆವು. ಮಂಗಳವಾರ ಮಲ್ಲಸಮುದ್ರದ ಕೆಂಪು ಗೆರೆ ಇಳಿಯಿತು. ನಮ್ಮ ನೀಲಿ ಗೆರೆ ಇದ್ದಲ್ಲೇ ಇತ್ತು. ಬುಧವಾರ ಕೆಂಪು ಗೆರೆ ಇನ್ನೂ ಇಳಿಯಿತು. ನೀಲಿ ಗೆರೆ ಮೇಲೆ ಹತ್ತಿತು.

ಇಲಿಯಾಸ ಎಂಬವನು ಕೂಡಲೇ ಟ್ಯಾಬಿನಲ್ಲಿ ಬರೆದ: “ಏನ್ರಿ ಬೆಳ್ಳಟ್ಟಿಯವರ, ನಿಮ್ಮೂರಾಗ ಬೋಗುಣಿ ಎಮ್ಮಿ ಹಂಗ ಈಯಾಕತ್ತೈತೇನು?”

ಉತ್ತರ ಕೊಡುವುದು ನನ್ನ ಹೊಣೆಯಾದ್ದರಿಂದ ಕೊಟ್ಟೆ: “ನೋಡಪಾ ಇಲಿಯಾಸ, ನಿಮ್ಮೂರಾಗ ಸೂರ್ಯ ಡ್ಯೂಟಿ ಮಾಡ್ತಾನ. ನಮ್ಮೂರಾಗ ಪರ್ಮಿಷನ್ ಕೇಳ್ತಾನ. ನಾ ಇನ್ನೂ ಕೊಟ್ಟಿಲ್ಲ.”

ಆತ ನಗುವ ಮುಖಗಳನ್ನು ಕಳಿಸಿದ. ಉಲ್ಲೇಖ ಎರಡು ನೋಡಿ.

5. ಅಷ್ಟರಲ್ಲಿ ಅರ್ಜಿದಾರನ ತಲೆಯಲ್ಲಿ ಒಂದು ಸಿದ್ಧಾಂತ ಹುಟ್ಟಿತು. ಬೆಳ್ಳಟ್ಟಿಯ ಗಾಳಿಯೊಳಗಿನ ತೇವ ಸುತ್ತಾಡಿ ಸುತ್ತಾಡಿ, ಬೇಜಾರಾಗಿ, ತಿರುಗಿ ಬೋಗುಣಿಗೇ ಇಳಿಯುತ್ತದೆ. ಇದಕ್ಕೆ ‘ಬೆಳ್ಳಟ್ಟಿ ಪರಿಣಾಮ’ ಎಂದು ಹೆಸರಿಟ್ಟೆ. ಮಂಜುಳಾಳಿಗೆ ಹೇಳಿದೆ.

“ಹಂಗಿದ್ರ ನಿಮ್ಮ ಮನಿ ಮುಂದಿನ ಗಟಾರ ಯಾಕ ಒಣಗೇತಿ?” ಎಂದಳು.

“ಅದು ಗಟಾರ. ಇದು ಬೋಗುಣಿ. ಕ್ಲಾಸ್ ಬ್ಯಾರೆ ಐತಿ.”

“ನಿನಗ ಮೌನೇಶ ಅಂತ ಹೆಸರಿಟ್ಟವರು ಯಾರಲೇ,” ಎಂದು ಟ್ಯಾಬು ಕಸಿದುಕೊಂಡು ನಾನು ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದಳು. ಬುಧವಾರದ ಒಂದು ಚಿತ್ರದಲ್ಲಿ ನನ್ನ ಕೂದಲು ಸರಿ ಬಂದಿರದ ಕಾರಣ ನಾನು ಅದನ್ನು ಹಾಳೆಗೆ ಏರಿಸಿರಲಿಲ್ಲ. ಅವಳು ಅದನ್ನೇ ಎರಡು ಬೆರಳಿನಿಂದ ಹಿಗ್ಗಿಸಿದಳು. ನನ್ನ ಮುಖ ಪಕ್ಕಕ್ಕೆ ಸರಿಯಿತು, ಕಿವಿ ಸರಿಯಿತು. ಭುಜದ ಹಿಂದೆ ನನ್ನ ಅಜ್ಜಿ ಫಕ್ಕೀರವ್ವ ನಿಂತಿರುವುದು ಕಂಡುಬಂದಿತು. ಕೈಯಲ್ಲಿ ಚೊಂಬು.

6. ಸ್ಥಳ ಪರಿಶೀಲನೆ: ಬುಧವಾರ ಸಂಜೆಯೇ ಮಾಳಿಗೆ ಮೇಲೆ ವಿಚಾರಣೆ ನಡೆಯಿತು. ವಿಚಾರಿಸಿದವಳು ಮಂಜುಳಾ. ಅರ್ಜಿದಾರ ಹಾಜರಿದ್ದ.

“ಆಯಿ, ಬೋಗುಣಿಗೆ ನೀರ ಹಾಕ್ದಿ ಏನು?”

“ಹಾಕ್ದೆ. ಬ್ಯಾಸಗಿ ಐತಿ, ಗುಬ್ಬಿ ಬರ್ತಾವ. ನೀವು ಚಲೋ ಕೆಲಸ ಮಾಡಿ ಪಾತ್ರಿ ಇಟ್ಟೀರಿ, ಮತ್ತ ತಿರುಗಿ ನೋಡೂದಿಲ್ಲ. ಅರ್ಧಾ ಆಗಿತ್ತು, ತುಂಬಿಸೀನಿ. ಬಂದ ಗುಬ್ಬಿ ಬರೇ ತಳಾ ನೋಡಿ ಹೋಗಬೇಕೇನು?”

“ಅದು ಗುಬ್ಬಿಗೆ ಅಲ್ಲ ಆಯಿ. ನೀರು ಆರೂದು ನೋಡಾಕ ಇಟ್ಟೀವಿ.”

“ಆರೂದು ನೋಡಾಕ?” ಅಜ್ಜಿ ನನ್ನ ಕಡೆ ತಿರುಗಿದಳು. “ಇದಕ್ಕೇನಲೇ ನೀ ದಿನಾ ಇಸ್ತ್ರಿ ಅಂಗಿ ಹಾಕ್ಕೊಂಡು ಹೋಗೂದು?”

ಆಗ ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದ ಗೌಸಬಿ ಚಾಚಿ ತಾನಾಗಿ ಮುಂದೆ ಬಂದು ಹೇಳಿಕೆ ಕೊಟ್ಟರು: “ನಾನೂ ಹಾಕೀನವಾ. ಎರಡ ಹೊತ್ತೂ ಹಾಕೀನಿ. ಫಕ್ಕೀರವ್ವಗ ಮೊಣಕಾಲು ನೋವು, ದಿನಾ ಹತ್ತಾಕ ಆಗಂಗಿಲ್ಲ ಅಂತ.”

“ಚಾಚಿ, ಕಾಗದ ಅಂಟಿಸಿದ್ನಲ್ರಿ. ಮುಟ್ಟಬ್ಯಾಡ್ರಿ ಅಂತ ಬರದಿದ್ದೆ.”

“ಓದೀನಿ. ಅದಕ್ಕ ಮುಟ್ಟಿಲ್ಲವಾ. ಮ್ಯಾಲಿಂದ ಹಾಕೀನಿ.”

ಮುಂದೆ ವಿಚಾರಿಸಲಾಗಿ, ಅಜ್ಜಿ ಹಾಕಿದ್ದು ಚಾಚಿಗೆ ಗೊತ್ತಿರಲಿಲ್ಲ, ಚಾಚಿ ಹಾಕಿದ್ದು ಅಜ್ಜಿಗೆ ಗೊತ್ತಿರಲಿಲ್ಲ. ಸಂಡಿಗೆ ಒಣಗಿಸಲು ಬಂದ ಆಚೆ ಮನೆಯವರು ಹಾಕಿದ್ದು ಈ ಇಬ್ಬರಿಗೂ ಗೊತ್ತಿರಲಿಲ್ಲ. ಸಹಯೋಗ ಎಂದರೆ ಏನೆಂದು ಟೀಚರ್ ಹಲಗೆಯ ಮೇಲೆ ಬರೆಸಿದ್ದನ್ನು ನಮ್ಮ ಓಣಿ ಕೇಳದೆಯೇ ಮಾಡಿ ತೋರಿಸಿದೆ ಎಂಬ ಅಂಶವನ್ನು ತಾವು ದಯಮಾಡಿ ಗಮನಿಸಬೇಕು.

7. ಇಲ್ಲಿಂದ ಮುಂದಿನದು ಸ್ವಲ್ಪ ಇಕ್ಕಟ್ಟಿನ ಸೀನು.

ಮಂಜುಳಾ ಮಾಳಿಗೆಯ ಕಟ್ಟೆಯ ಮೇಲೆ ಕೂತು ಟ್ಯಾಬು ತೆರೆದಳು. ತನ್ನ ಹೆಸರಿನಲ್ಲಿ ಒಳಗೆ ಹೋದಳು. “ಇದ್ದದ್ದ ಇದ್ದಂಗ ಬರ‍್ಯೂಣು,” ಎಂದಳು. “ಯಾರ‍್ಯಾರೋ ನೀರ ಹಾಕ್ಯಾರ, ಈ ಅಳತಿ ರದ್ದು, ಹೊಸದಾಗಿ ಶುರು ಮಾಡ್ತೀವಿ, ಎರಡು ದಿನಾ ಕೊಡ್ರಿ. ಇಲಿಯಾಸಗ ಕೇಳೂಣು, ಅವರ ಬೋಗುಣಿ ಯಾರ ಕಾಯಾಕತ್ತಾರ ಅಂತ. ಅದೂ ಪ್ರಶ್ನಿನ ಐತಿ.”

“ಏಯ್, ಹುಚ್ಚಿ ಇದ್ದೀಯೇನು? ಇಂಟರ್ವಲ್ ಆಗೂಕಿಂತ ಮೊದ್ಲ ಹೀರೋ ಸತ್ತರ ಮಂದಿ ಎದ್ದು ಹೊಕ್ಕಾರ.”

“ನಾವು ಸಿನಿಮಾ ಮಾಡಾಕತ್ತಿಲ್ಲ ಮೌನೇಶ.”

“ಆ ಇಲಿಯಾಸ ನಗತಾನ.”

“ನಗಲಿ. ಅವನೂ ನಾಳೆ ಏನರ ತಪ್ಪ ಮಾಡ್ತಾನ, ಆಗ ನಾವು ನಗೂಣು.”

ಅವಳು ಎರಡು ಸಾಲು ಬರೆದಿದ್ದಳು. ಅಷ್ಟರಲ್ಲಿ ಅವರ ಮನೆಯಿಂದ ಎಮ್ಮೆ ಹಿಂಡಲು ಕೂಗು ಬಂತು. “ನಾಳೆ ಮುಗಸ್ತೀನಿ, ಚಾರ್ಜಿಗೆ ಹಾಕು,” ಎಂದು ಟ್ಯಾಬು ನನ್ನ ಕೈಗಿಟ್ಟು ಓಡಿದಳು.

ಮರುದಿನ ಗುರುವಾರ ಅವಳಿಗೆ ಜ್ವರ, ಶಾಲೆಗೆ ಬರಲಿಲ್ಲ. ಆ ಸಂಜೆ ಬೋಗುಣಿಯನ್ನು ಅಳೆಯದೆಯೇ ಒಂದು ಅಂಕಿ ತುಂಬಲಾಯಿತು. ಅವಳ ಎರಡು ಸಾಲು ಅಳಿಸಿ, ಆ ಜಾಗದಲ್ಲಿ ‘ಬೆಳ್ಳಟ್ಟಿ ಪರಿಣಾಮ’ವನ್ನು ಪೂರ್ತಿಯಾಗಿ ಬರೆದು, ಕೊನೆಗೆ ‘ಇದನ್ನು ಮಲ್ಲಸಮುದ್ರ ಒಪ್ಪಲೇಬೇಕು’ ಎಂದೂ ಸೇರಿಸಿ ಕಳಿಸಲಾಯಿತು. ಕಳಿಸಿದವನು ಅರ್ಜಿದಾರ. ಟ್ಯಾಬು ಮಂಜುಳಾಳ ಹೆಸರಿನಲ್ಲಿಯೇ ತೆರೆದಿದ್ದ ಕಾರಣ ಎಲ್ಲವೂ ಅವಳ ಹೆಸರಿನಲ್ಲಿ ಹೋಯಿತು. ಇದು ಅರ್ಜಿದಾರನ ಗಮನಕ್ಕೆ ಬಂದಿರಲಿಲ್ಲ.

8. ಶುಕ್ರವಾರ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮಲ್ಲಸಮುದ್ರದ ತರಗತಿ, ಈ ಕಡೆ ನಾವು. ಶಿವರಂಜನಿ ಟೀಚರ್ ಎರಡೂ ಶಾಲೆಗೆ ಕೇಳುವಂತೆ ಹಾಳೆ ಓದಿದರು. ‘ಬೆಳ್ಳಟ್ಟಿ ಪರಿಣಾಮ’ ಬಂದಾಗ ಆ ಕಡೆಯ ತರಗತಿ ಪೂರ್ತಿ ಬೆಂಚು ಬಡಿದು ನಕ್ಕಿತು. ಇಲಿಯಾಸ ಮಾತ್ರ ನಗಲಿಲ್ಲ. ಅವನು ಕೇಳಿದ: “ಟೀಚರ‍್ರ, ಗುರುವಾರ ಒಂದ ದಿನಕ್ಕ ಅಷ್ಟು ನೀರು ಹೆಚ್ಚಾದ್ರ ಬೋಗುಣಿ ಹೊರಗ ಚೆಲ್ಲಬೇಕಲ್ರಿ? ಬೋಗುಣಿ ಎತ್ತರಾನ ಅಷ್ಟಿಲ್ಲ.”

ಪೆಟ್ಟು ಬಿದ್ದದ್ದು ಅಲ್ಲಿ. ನಾನು ತುಂಬಿದ ಅಂಕಿ ಬೋಗುಣಿಗಿಂತ ಎತ್ತರವಾಗಿತ್ತು.

ಟೀಚರ್ ಪರದೆ ಬಂದ್ ಮಾಡಿದರು. ತಮಗೆ ಗೊತ್ತಿರುವಂತೆ ಅವರು ಜೋರು ಮಾಡಿದಾಗ ಹೆದರಿಕೆಯಿಲ್ಲ. ದನಿ ಇಳಿಸಿದಾಗ ಇದೆ.

“ಮಂಜುಳಾ, ಎದ್ದು ನಿಂದರು. ಇದನ್ನ ನೀ ಬರದೀ?”

“ಇಲ್ರಿ ಟೀಚರ‍್ರ.”

“ಹೆಸರು ನಿಂದ ಐತಿ.”

“ಹೌದ್ರಿ.”

“ಅಳದಿ ಏನು ಗುರುವಾರ?”

“ಮನ್ಯಾಗಿದ್ದೆ ರಿ. ಜ್ವರ ಬಂದಿತ್ತು.”

“ಮನ್ಯಾಗ ಕುಂತ ಅಂಕಿ ತುಂಬೀ ಅಂದಂಗಾತು.”

ಅವಳು ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ. ಫ್ಯಾನು ಕೆಟ್ಟು ನಿಂತಿತ್ತು, ಆದರೂ ಬಹಳ ಹೊತ್ತು ನೋಡಿದೆ.

“ಮತ್ತ ಯಾರ ಬರದಾರ, ಹೇಳವಾ,” ಎಂದರು ಟೀಚರ್. ಮಂಜುಳಾ ಹೇಳಲಿಲ್ಲ.

“ಆತು. ಅಳತಿ ಸುಳ್ಳು ಬರದವ್ರನ್ನ ನಾ ಗದಗಕ್ಕ ಕರಕೊಂಡು ಹೋಗಂಗಿಲ್ಲ. ಮಂಜುಳಾ ಬ್ಯಾಡ. ಮೌನೇಶ ಹೋಗ್ಲಿ.”

ತರಗತಿ ಚಪ್ಪಾಳೆ ಹೊಡೆಯಿತು. ಕೊನೆಯ ಬೆಂಚಿನಿಂದ ಗದಗಿಗೆ ಯಾರೂ ಹೋದ ದಾಖಲೆ ಇಲ್ಲದ ಕಾರಣ ಜೋರಾಗಿಯೇ ಹೊಡೆಯಿತು.

9. ಮಂಜುಳಾ ಗದಗಿನ ಮಂಡನೆಗೆಂದು ತಿಂಗಳಿನಿಂದ ತಯಾರಿ ನಡೆಸಿದ್ದಳು ಎಂಬುದನ್ನು ಇಲ್ಲಿ ದಾಖಲಿಸುವುದು ಅವಶ್ಯ. ಹಿತ್ತಲಿನಲ್ಲಿ ಎಮ್ಮೆಯ ಮುಂದೆ ನಿಂತು, ಕೈಯಲ್ಲಿ ಸ್ಕೇಲು ಹಿಡಿದು, “ಮಾನ್ಯ ತೀರ್ಪುಗಾರರೇ” ಎಂದು ಶುರು ಮಾಡುತ್ತಿದ್ದಳು. ಎಮ್ಮೆ ಪ್ರಶ್ನೆ ಕೇಳುವುದಿಲ್ಲ ಎಂಬುದಷ್ಟೇ ಅವಳ ಕೊರಗು. ಗದಗಿನಲ್ಲಿ ಎರಡೂ ಶಾಲೆಯವರು ಒಂದೇ ಮೇಜಿಗೆ ಕೂರುತ್ತಾರೆ, ತೀರ್ಪುಗಾರರು ಕೇಳಿ ಕೇಳಿ ಸುಸ್ತು ಮಾಡುತ್ತಾರೆ ಎಂದು ಟೀಚರ್ ಹೇಳಿದ ದಿನ ಅವಳಷ್ಟು ಖುಷಿಪಟ್ಟವರು ತರಗತಿಯಲ್ಲಿ ಇನ್ನೊಬ್ಬರಿಲ್ಲ. ಉಳಿದವರೆಲ್ಲ ಹೊಟ್ಟೆ ನೋವು ಬರಿಸಿಕೊಂಡರು.

ಶುಕ್ರವಾರ ಸಂಜೆ ನೀರಿನ ಟ್ಯಾಂಕಿನ ಹತ್ತಿರ ನಾನು ಅವಳನ್ನು ತಡೆದು ನಿಲ್ಲಿಸಿ, ಒಂದು ಭಾರೀ ಡೈಲಾಗು ಹೇಳಿದೆ: “ಸ್ನೇಹಕ್ಕ ಪ್ರಾಣಾನ ಕೊಡ್ತೀನಿ, ಕೇಳಿ ನೋಡು.”

“ಪ್ರಾಣ ಇಟ್ಕೋ,” ಎಂದಳು. “ಬರದದ್ದು ನೀ ಅಂತ ಟೀಚರ್‌ಗ ಹೇಳು. ಅಷ್ಟ ಸಾಕು.”

“ನೀನ ಯಾಕ ಹೇಳಲಿಲ್ಲ?”

“ನಾ ಹೇಳಿದ್ರ ಅದು ಚಾಡಿ. ನೀ ಹೇಳಿದ್ರ ಅದು ಖರೆ. ನೀ ಹೇಳೂಮಟ ನನ್ನ ಮಾತಾಡಸಬ್ಯಾಡ.”

ಅಲ್ಲಿಂದೀಚೆಗೆ ಸದರಿ ಮಂಜುಳಾ ಮಾತು ಬಿಟ್ಟಿರುತ್ತಾಳೆ. ಎದುರಿಗೆ ಬಂದರೆ ಓಣಿ ಬದಲಿಸುತ್ತಾಳೆ. ಬೆಳ್ಳಟ್ಟಿಯಲ್ಲಿ ಓಣಿಗಳು ಬಹಳ ಇಲ್ಲದ ಕಾರಣ ಅವಳಿಗೂ ತೊಂದರೆಯಾಗುತ್ತಿದೆ.

10. ಸುದ್ದಿ ಅಜ್ಜಿಯ ಕಿವಿಗೂ ಬಿದ್ದಿದೆ. “ನೀರ ಹಾಕಿದಾಕಿ ನಾನು, ಬೈಸಿಕೊಂಡದ್ದು ಆ ಹುಡುಗಿ. ಹಿಂಗ್ಯಾಕಾತು? ನಡಿ, ನಿಮ್ಮ ಶಾಲಿಗೆ ಬರ್ತೀನಿ,” ಎಂದು ಸೀರೆ ಬದಲಿಸಿ ಕೂತಿದ್ದಳು. ಗೌಸಬಿ ಚಾಚಿಯೂ ಸಾಕ್ಷಿಗೆ ತಯಾರು. ಇವತ್ತು ಮುಂಜಾನೆ ಹೇಗೋ ಸಮಾಧಾನ ಮಾಡಿ ನಿಲ್ಲಿಸಲಾಗಿದೆ. ಈ ಅರ್ಜಿಯ ಮೇಲೆ ಕ್ರಮ ಆಗದಿದ್ದಲ್ಲಿ ಇಬ್ಬರೂ ತಮ್ಮ ಕೋಣೆಗೆ ಖುದ್ದು ಬರುವ ಸಂಭವವಿದೆ. ಬಂದವರು ತಮ್ಮ ಮೇಜಿನ ಮೇಲಿನ ಲೋಟ ಖಾಲಿಯಿದ್ದರೆ ಅದನ್ನೂ ತುಂಬಿಸದೆ ಹೋಗುವುದಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ,

ಅ) ಗದಗಿಗೆ ಹೋಗುವವರ ಪಟ್ಟಿಯಲ್ಲಿ ಮಂಜುಳಾಳ ಹೆಸರನ್ನು ಬರೆಯಬೇಕೆಂದು,

ಆ) ಅವಳು ಅಳೆದದ್ದೆಲ್ಲ ಖರೆ, ನೀರು ಹಾಕಿದವರು ಓಣಿಯವರು, ಗುರುವಾರದ ಅಂಕಿ ಮಾತ್ರ ಸುಳ್ಳು ಎಂದು ಶಿವರಂಜನಿ ಟೀಚರ್ ಅವರಿಗೆ ತಿಳಿಸಬೇಕೆಂದು,

ಇ) ಮಲ್ಲಸಮುದ್ರದ ತರಗತಿಗೂ ಇದನ್ನು ಪರದೆಯ ಮೇಲೆಯೇ ಹೇಳಬೇಕೆಂದು, ಯಾಕೆಂದರೆ ಅವರು ನಕ್ಕಿದ್ದು ಪರದೆಯ ಮೇಲೆ ಮತ್ತು ಅವಳ ಹೆಸರಿಗೆ,

ತಮ್ಮಲ್ಲಿ ಸವಿನಯ ಪ್ರಾರ್ಥನೆ.

ತಮ್ಮ ವಿಶ್ವಾಸಿ (ವಿಶ್ವಾಸ ಇಡುವುದು ಬಿಡುವುದು ತಮಗೆ ಬಿಟ್ಟದ್ದು),
ಮೌನೇಶ ಬಡಿಗೇರ

ಲಗತ್ತುಗಳು:
1. ಬುಧವಾರದ ಚಿತ್ರ, ಅಜ್ಜಿ ಮತ್ತು ಚೊಂಬು ಕಾಣುವಂತೆ. ಅರ್ಜಿದಾರನ ಕೂದಲಿನ ಕಡೆ ನೋಡಬಾರದಾಗಿ ವಿನಂತಿ.
2. ‘ಮುಟ್ಟಬೇಡಿ’ ಎಂಬ ಕಾಗದ, ಒದ್ದೆಯಾಗಿ ಒಣಗಿದ್ದು.
3. ಗೌಸಬಿ ಚಾಚಿಯವರು ತಮಗೆಂದು ಕೊಟ್ಟ ಒಣ ಮೆಣಸಿನಕಾಯಿ. ಇದು ಲಂಚವಲ್ಲ. ಬರಿಗೈಲಿ ಹೋಗಬೇಡ ಎಂದು ಕೊಟ್ಟದ್ದು.

ವಿ.ಸೂ.: ಏಳನೇ ಅಂಶವನ್ನು ತಿದ್ದಬೇಕಾಗಿದೆ. ಅರ್ಜಿಯನ್ನು ಮತ್ತೊಮ್ಮೆ ಮೊದಲಿಂದ ಬರೆಯಲು ಹಾಳೆ ಉಳಿದಿಲ್ಲವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ.

ಮಂಜುಳಾಳ ಹೆಸರಿನಲ್ಲಿ ಟ್ಯಾಬು ತೆರೆದಿತ್ತು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ ಎಂದಿದ್ದೇನೆ. ಬಂದಿತ್ತು. ಪರದೆಯ ಮೇಲ್ಗಡೆ ಅವಳ ಹೆಸರಿತ್ತು, ಓದಿದೆ. ಹೊರಗೆ ಬಂದು ನನ್ನ ಹೆಸರಿನಲ್ಲಿ ಹೋಗಲು ಅರ್ಧ ನಿಮಿಷದ ಕೆಲಸವೂ ಇರಲಿಲ್ಲ. ಬೆರಳು ಅಲ್ಲಿಯವರೆಗೆ ಹೋಗಿತ್ತು ಕೂಡ. ಆಗ ಮನಸ್ಸಿನಲ್ಲಿ ಅಂದುಕೊಂಡೆ: ಟೀಚರ್ ಹೊಗಳಿದರೆ ಎದ್ದು ನಿಂತು, ಅದು ನಂದ್ರಿ ಟೀಚರ‍್ರ, ಟ್ಯಾಬಿನಾಗ ಹೆಸರು ತಪ್ಪೇತಿ, ಎಂದರಾಯಿತು. ಬೈದರೆ ಸುಮ್ಮನಿದ್ದರಾಯಿತು. ಬೈದರು. ಸುಮ್ಮನಿದ್ದೆ. ಟ್ಯಾಬು ತಪ್ಪು ಮಾಡಿಲ್ಲ, ಅಜ್ಜಿ ಮಾಡಿಲ್ಲ, ಚಾಚಿ ಮಾಡಿಲ್ಲ. ಚಪ್ಪಾಳೆ ಬಿದ್ದಾಗ ನಾನು ಸ್ವಲ್ಪ ನಕ್ಕೆ, ಅದನ್ನೂ ಮಂಜುಳಾ ನೋಡಿದಳು.

ಸೋಮವಾರ ಗದಗಿಗೆ ಬೋಗುಣಿಯನ್ನೂ ಒಯ್ಯಬೇಕಾಗುತ್ತದೆ, ಮಂಜುಳಾಳ ಕೈಯಲ್ಲಿ ಟ್ಯಾಬು ಮತ್ತು ಸ್ಕೇಲು ಇರುತ್ತವೆ. ಹೊರಲು ಒಂದು ಆಳು ಬೇಕೆನಿಸಿದಲ್ಲಿ ಅರ್ಜಿದಾರ ಬಸ್ ನಿಲ್ದಾಣದವರೆಗೆ, ಅಲ್ಲಿಯವರೆಗೆ ಮಾತ್ರ, ಮಾತಾಡದೆ ಬರಲು ಸಿದ್ಧನಿದ್ದಾನೆ.